ತಾಯಿ ಕೋಳಿ ಇಲ್ಲದ ಮರಿಗೆ ಕಾವು ಕೊಡುವುದು ಹೇಗೆ?



ಕಳೆದ ಮಳೆಗಾಲದಲ್ಲಿ ಬೇಲೂರು ಕಡೆಯ ಒಂದು ಸಂಘದ ಸದಸ್ಯೆ ಸಂಘದಲ್ಲಿ ಸಾಲ ತೆಗೆದು 100 ಗಿರಿರಾಜ ಮರಿ ತರಿಸಿದರು. ಒಂದು ದಿನದ ಮರಿಗಳು. ನಾವು ಹೋಗಿ ನೋಡಿ, "ಹಗಲು ರಾತ್ರಿ ಬಲ್ಬ್ ಹಾಕಿಡಿ ಅಕ್ಕಾ, ಮರಿಗೆ ಶೀತ ಆಗಬಾರದು" ಅಂತ ಹೇಳಿ ಬಂದೆವು. ಅವರು ಹೇಳಿದ ಹಾಗೇ ಹಾಕಿದರು. ಆ ರಾತ್ರಿ ಜೋರು ಮಳೆ. ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಗುಡ್ಡೆ ಬಿದ್ದಿದ್ದವು. ಎಣಿಸಿದರೆ 61 ಸತ್ತಿದ್ದವು. ಮೇಲೆ ಬಲ್ಬ್ ಮಾತ್ರ ಚೆನ್ನಾಗಿ ಉರಿಯುತ್ತಲೇ ಇತ್ತು.

ಅದು 9 ವಾಟಿನ ಎಲ್‌ಇಡಿ ಬಲ್ಬ್. ಬೆಳಕು ಇತ್ತು, ಬಿಸಿ ಇರಲಿಲ್ಲ.

"ನೀವು ಬಲ್ಬ್ ಹಾಕು ಅಂದ್ರಿ, ಹಾಕ್ದೆ. ಯಾವ ಬಲ್ಬು ಅಂತ ಹೇಳ್ಲಿಲ್ವಲ್ಲ" ಅಂದರು ಆ ಅಕ್ಕ. ಈ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ತಪ್ಪು ಅವರದ್ದಲ್ಲ, ಅರ್ಧ ಮಾತು ಹೇಳಿ ಬಂದ ನಮ್ಮದು. ಹಾಗಾಗಿ ಈ ಸಲದ ಪಾಠದಲ್ಲಿ ಪೂರ್ತಿ ಮಾತು ಹೇಳುತ್ತೇವೆ. ಸಂಘದ ಸಭೆಯಲ್ಲಿ ಓದು ಬಲ್ಲವರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ಮರಿ ತರುವ ಮೊದಲೇ ಓದಿರಿ, ತಂದ ಮೇಲೆ ಅಲ್ಲ.

ಮರಿಗೆ ಕಾವು ಯಾಕೆ ಬೇಕು?

ನಮ್ಮ ನಾಟಿ ಹೇಂಟೆಯನ್ನು ನೋಡಿ. 21 ದಿನ ಕಾವು ಕೂತು ಮರಿ ಮಾಡುತ್ತದೆ. ಮರಿ ಬಂದ ಮೇಲೂ ಅದರ ಕೆಲಸ ಮುಗಿಯುವುದಿಲ್ಲ. ಸ್ವಲ್ಪ ಹೊತ್ತು ಮೇಯಿಸುತ್ತದೆ, ಆಮೇಲೆ ರೆಕ್ಕೆ ಬಿಚ್ಚಿ ಮರಿಗಳನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಮೋಡ ಕವಿದರೆ, ಗಾಳಿ ಬೀಸಿದರೆ ಮತ್ತೆ ಕರೆದು ಕೂರಿಸಿಕೊಳ್ಳುತ್ತದೆ. ಕೋಳಿಯ ಮೈ ಬಿಸಿ ನಮ್ಮ ಮೈಗಿಂತ ಜಾಸ್ತಿ, ಸುಮಾರು 106 ಡಿಗ್ರಿ ಫ್ಯಾರನ್‌ಹೀಟ್. ಆ ಬಿಸಿಯೇ ಮರಿಗೆ ಕಂಬಳಿ.

ಒಂದು ದಿನದ ಮರಿಯ ತೂಕ ಸುಮಾರು 40 ಗ್ರಾಂ. ಮೈ ಮೇಲೆ ಬರೀ ತುಪ್ಪಳ, ಪುಕ್ಕ ಇಲ್ಲ. ತನ್ನ ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕೆ ಎರಡು ಮೂರು ವಾರದವರೆಗೆ ಬರುವುದಿಲ್ಲ. ಶೀತವಾದ ಮರಿ ಮೇವು ತಿನ್ನುವುದಿಲ್ಲ, ನೀರು ಕುಡಿಯುವುದಿಲ್ಲ, ಬಿಸಿ ಹುಡುಕಿಕೊಂಡು ಒಂದರ ಮೇಲೊಂದು ಏರುತ್ತದೆ. ಕೆಳಗೆ ಸಿಕ್ಕಿದ್ದು ಉಸಿರು ಕಟ್ಟಿ ಸಾಯುತ್ತದೆ. ಬದುಕಿ ಉಳಿದದ್ದೂ ಆಮೇಲೆ ಸೊರಗುತ್ತದೆ, ರೋಗಕ್ಕೆ ಬೇಗ ಸಿಗುತ್ತದೆ.

ನಾವು ತರುವ ಗಿರಿರಾಜ, ಸ್ವರ್ಣಧಾರ ಮರಿಗಳು ಯಂತ್ರದ ಕಾವಿನಲ್ಲಿ ಹುಟ್ಟಿದವು. ಗಿರಿರಾಜ ತಳಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದದ್ದು, ಸ್ವರ್ಣಧಾರ 2005ರಲ್ಲಿ ಬಿಡುಗಡೆಯಾದದ್ದು. ಹೆಸರಘಟ್ಟದ ಕೇಂದ್ರ ಕುಕ್ಕುಟ ಸಂಸ್ಥೆಯ ಕಾವೇರಿ ತಳಿಯೂ ಹೀಗೇ. ಈ ಮರಿಗಳು ತಾಯಿಯ ಮುಖವನ್ನೇ ನೋಡಿರುವುದಿಲ್ಲ. ಹಾಗಾಗಿ ಮೊದಲ ಮೂರು ನಾಲ್ಕು ವಾರ ನಾವೇ ತಾಯಿ. ಹೀಗೆ ಕೃತಕವಾಗಿ ಕಾವು ಕೊಡುವ ಗೂಡಿಗೆ ಬ್ರೂಡರ್ ಅಂತಾರೆ.

ಮರಿ ಬರುವ ಮುಂಚಿನ ದಿನದ ಕೆಲಸ

ಮರಿ ಬಂದ ಮೇಲೆ ಗೂಡು ಹುಡುಕುವುದಲ್ಲ. ಒಂದು ದಿನ ಮೊದಲೇ ಎಲ್ಲ ಸಿದ್ಧ ಇರಬೇಕು. ಇಲ್ಲಿ 100 ಮರಿಯ ಲೆಕ್ಕ ಕೊಡುತ್ತೇವೆ. ನಿಮ್ಮದು 50 ಆದರೆ ಅರ್ಧ ಮಾಡಿಕೊಳ್ಳಿ.

1. ಕೋಣೆ: ಗಾಳಿ ನೇರವಾಗಿ ನುಗ್ಗದ, ಮಳೆ ಸೋರದ ಮೂಲೆ ಆರಿಸಿ. ಹಳೇ ಗೊಬ್ಬರ ತೆಗೆದು, ತೊಳೆದು, ಸುಣ್ಣ ಬಳಿದು ಚೆನ್ನಾಗಿ ಒಣಗಿಸಿ. ಇಲಿ, ಹೆಗ್ಗಣದ ಬಿಲ ಇದ್ದರೆ ಕಲ್ಲು ಸಿಮೆಂಟ್ ಹಾಕಿ ಮುಚ್ಚಿ. ಒಂದು ಹೆಗ್ಗಣ ಒಂದೇ ರಾತ್ರಿಯಲ್ಲಿ ಎಷ್ಟೋ ಮರಿ ಎಳೆದುಕೊಂಡು ಹೋಗುತ್ತದೆ. ಬೆಕ್ಕು, ಮುಂಗುಸಿ, ಹಾವು ಬಾರದ ಹಾಗೆ ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ.

2. ಹಾಸು: ನೆಲದ ಮೇಲೆ ಎರಡು ಅಂಗುಲ ದಪ್ಪ ಹಾಸು ಬೇಕು. ಬೇಲೂರು ಕಡೆ ಭತ್ತದ ಹೊಟ್ಟು ಸಿಗುತ್ತದೆ, ಅದು ಒಳ್ಳೆಯದು. ಕಡಲೇಕಾಯಿ ಸಿಪ್ಪೆಯೂ ಆಗುತ್ತದೆ. ಅರಸೀಕೆರೆ ಕಡೆ ತೆಂಗಿನ ನಾರಿನ ಪುಡಿ ಸುಲಭವಾಗಿ ಸಿಗುತ್ತದೆ ಅಂತ ಹಾಕುವವರು ಇದ್ದಾರೆ. ಅದು ನೀರು ಹೀರಿ ಹಿಡಿದುಕೊಳ್ಳುತ್ತದೆ, ಒಣಗಿದರೆ ಧೂಳು ಏಳುತ್ತದೆ. ಹಾಕಲೇಬೇಕಾದರೆ ಪೂರ್ತಿ ಒಣಗಿಸಿ, ಜರಡಿ ಹಿಡಿದು ಹಾಕಿ. ಹಾಸಿನ ಮೇಲೆ ಮೊದಲ ಮೂರು ದಿನ ಹಳೇ ಪೇಪರ್ ಹಾಸಬೇಕು. ಇಲ್ಲದಿದ್ದರೆ ಮರಿ ಮೇವು ಅಂತ ಹೊಟ್ಟನ್ನೇ ತಿನ್ನುತ್ತದೆ. ಪೇಪರ್ ಒದ್ದೆಯಾದರೆ ಬದಲಿಸಿ.

3. ತಡೆ: ಒಂದೂವರೆ ಅಡಿ ಎತ್ತರದ ತಗಡು, ರಟ್ಟು ಅಥವಾ ಬಿದಿರು ತಟ್ಟಿಯನ್ನು ದುಂಡಗೆ ನಿಲ್ಲಿಸಿ. 100 ಮರಿಗೆ 5 ಅಡಿ ಅಗಲದ ವೃತ್ತ ಸಾಕು. ಅದಕ್ಕೆ ಸುಮಾರು 16 ಅಡಿ ಉದ್ದದ ತಗಡು ಬೇಕಾಗುತ್ತದೆ. ದುಂಡಗೇ ಯಾಕೆ? ಮೂಲೆ ಇದ್ದರೆ ಮರಿ ಅಲ್ಲಿ ಗುಡ್ಡೆ ಬೀಳುತ್ತದೆ. ದುಂಡಗಿನ ಗೂಡಿನಲ್ಲಿ ಮೂಲೆಯೇ ಇಲ್ಲ. ನಾಲ್ಕೈದು ದಿನ ಆದ ಮೇಲೆ ತಡೆಯನ್ನು ಸ್ವಲ್ಪ ಸ್ವಲ್ಪ ಹಿಗ್ಗಿಸುತ್ತಾ ಹೋಗಿ. ಮೂರನೇ ವಾರಕ್ಕೆ ಒಂದು ಮರಿಗೆ ಅರ್ಧ ಚದರ ಅಡಿ ಜಾಗ ಸಿಗಬೇಕು.

4. ಬಲ್ಬ್: ಈ ಮಾತನ್ನು ಎರಡು ಸಲ ಓದಿ. ಒಂದು ಮರಿಗೆ ಎರಡು ವಾಟ್ ಲೆಕ್ಕ. 100 ಮರಿಗೆ 100 ವಾಟಿನ ಎರಡು ಗುಂಡು ಬಲ್ಬ್. ಗುಂಡು ಬಲ್ಬ್ ಅಂದರೆ ಒಳಗೆ ತಂತಿ ಕೆಂಪಗೆ ಕಾದು ಹಳದಿ ಬೆಳಕು ಕೊಡುವ ಹಳೇ ಕಾಲದ ಬಲ್ಬ್. 2015ರ ನಂತರ ಸರ್ಕಾರದ ಯೋಜನೆಯಿಂದ ಮನೆಮನೆಗೂ ಎಲ್‌ಇಡಿ ಬಂತು, ಕರೆಂಟ್ ಉಳಿಯಿತು, ಒಳ್ಳೆಯದೇ ಆಯಿತು. ಆದರೆ ಅದು ಕರೆಂಟ್ ಉಳಿಸುವುದೇ ಬಿಸಿ ಮಾಡದೆ ಬೆಳಕು ಕೊಟ್ಟು. ಹಳೇ ಗುಂಡು ಬಲ್ಬ್ ಎಳೆಯುವ ಕರೆಂಟಿನಲ್ಲಿ ನೂರಕ್ಕೆ 90 ಭಾಗ ಬಿಸಿಯಾಗಿಯೇ ಹೋಗುತ್ತದೆ. ಮನೆಗೆ ಅದು ದಂಡ, ಮರಿಗೆ ಅದೇ ಜೀವ. ಎಲ್‌ಇಡಿ, ಸಿಎಫ್‌ಎಲ್, ಟ್ಯೂಬ್‌ಲೈಟ್ ಯಾವುದೂ ಬ್ರೂಡರಿಗೆ ಆಗುವುದಿಲ್ಲ. ಗುಂಡು ಬಲ್ಬ್ ಈಗ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಮೊದಲೇ ವಿಚಾರಿಸಿ, ಒಂದು ಜಾಸ್ತಿ ತಂದಿಟ್ಟುಕೊಳ್ಳಿ. ನಡುರಾತ್ರಿ ಬಲ್ಬ್ ಹೋದರೆ ಅಂಗಡಿ ತೆರೆದಿರುವುದಿಲ್ಲ.

ಬಲ್ಬ್‌ಗಳ ಮೇಲೆ ಹಳೇ ತಗಡಿನ ಬಾಣಲೆ ಅಥವಾ ಬಿದಿರು ಬುಟ್ಟಿ ಬೋರಲು ಹಾಕಿದರೆ ಬಿಸಿ ಮೇಲೆ ಹೋಗದೆ ಕೆಳಗೆ ಇಳಿಯುತ್ತದೆ. ಬುಟ್ಟಿ ಆದರೆ ಬಲ್ಬ್ ಬುಟ್ಟಿಗೆ ತಾಗದ ಹಾಗೆ ನೋಡಿಕೊಳ್ಳಿ. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಗಟ್ಟಿ ತಂತಿ ಅಥವಾ ಸರಪಳಿಯಿಂದ ಕಟ್ಟಿ. ವೈರಿನಲ್ಲೇ ನೇತು ಹಾಕಬೇಡಿ. ಬಲ್ಬ್ ಕಳಚಿ ಒಣ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹತ್ತಿಕೊಳ್ಳುತ್ತದೆ, ಮರಿ ಜೊತೆ ಮನೆಯೂ ಹೋಗುತ್ತದೆ.

ಮರಿ ಬರುವುದಕ್ಕೆ ಐದಾರು ಗಂಟೆ ಮೊದಲೇ ಬಲ್ಬ್ ಹಾಕಿ. ಹಾಸು ಮುಟ್ಟಿದರೆ ಬೆಚ್ಚಗಿರಬೇಕು.

ಮರಿ ಬಂದ ಮೊದಲ ದಿನ

ಮೊಟ್ಟೆಯ ಹಳದಿ ಭಾಗ ಮರಿಯ ಹೊಟ್ಟೆಯೊಳಗೆ ಇನ್ನೂ ಇರುತ್ತದೆ. ಅದರಿಂದಲೇ ಮರಿ ಎರಡು ದಿನ ಮೇವಿಲ್ಲದೆ ಬದುಕುತ್ತದೆ, ಬೆಂಗಳೂರಿನಿಂದ ಪೆಟ್ಟಿಗೆಯಲ್ಲಿ ಬರಲು ಆಗುವುದು ಇದರಿಂದಲೇ. ಆದರೆ ಬಾಯಾರಿಕೆ ಇದ್ದೇ ಇರುತ್ತದೆ. ಹಾಗಾಗಿ ಮೊದಲು ನೀರು, ಆಮೇಲೆ ಮೇವು.

ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರು ಒಂದು ಲೀಟರಿಗೆ 50 ಗ್ರಾಂ ಬೆಲ್ಲ ಕರಗಿಸಿ ಶೋಧಿಸಿ ಇಡಿ. ಬೆಳಗಿನ ಜಾವದ ಕೊರೆಯುವ ನೀರನ್ನು ಹಾಗೇ ಇಡಬೇಡಿ. ಒಂದೊಂದೇ ಮರಿಯನ್ನು ಪೆಟ್ಟಿಗೆಯಿಂದ ತೆಗೆದು, ಕೊಕ್ಕನ್ನು ನೀರಿಗೆ ಒಂದು ಸಲ ಮುಟ್ಟಿಸಿ ಬಿಡಿ. ಒಂದು ಕಲಿತರೆ ಉಳಿದವು ನೋಡಿ ಕಲಿಯುತ್ತವೆ. ಇದೇ ಹೊತ್ತಿಗೆ ಎಣಿಸಿಯೂ ಬಿಡಿ, ಲೆಕ್ಕದ ಪುಸ್ತಕದಲ್ಲಿ ಬರೆಯಿರಿ.

ಎರಡು ಮೂರು ಗಂಟೆ ಕಳೆದ ಮೇಲೆ ಪೇಪರ್ ಮೇಲೆ ಮೆಕ್ಕೆಜೋಳದ ಸಣ್ಣ ನುಚ್ಚು ಉದುರಿಸಿ. ಮಾರನೇ ದಿನದಿಂದ ಮರಿಗಳ ಸ್ಟಾರ್ಟರ್ ಮೇವು ಕೊಡಿ. ಮೊದಲ ವಾರ ಒಂದು ಮರಿ ದಿನಕ್ಕೆ ಸುಮಾರು 10 ಗ್ರಾಂ ತಿನ್ನುತ್ತದೆ, ಅಂದರೆ 100 ಮರಿಗೆ ಒಂದು ಕಿಲೋ. ನೀರು ಮೇವಿನ ಎರಡರಷ್ಟು.

ನೀರನ್ನು ತೆರೆದ ತಟ್ಟೆಯಲ್ಲಿ ಇಡಬೇಡಿ. ಮರಿ ಇಳಿದು ಒದ್ದೆಯಾಗುತ್ತದೆ. ಒದ್ದೆ ಮರಿಗೆ ಎಷ್ಟು ಬಿಸಿ ಕೊಟ್ಟರೂ ಸಾಲದು. ಕೋಳಿಗೆ ನೀರಿಡುವ ಪ್ಲಾಸ್ಟಿಕ್ ಡಬ್ಬಿ ಎರಡು ತನ್ನಿ. ಇಲ್ಲವಾದರೆ ತಟ್ಟೆಯಲ್ಲಿ ತೊಳೆದ ಬೆಣಚುಕಲ್ಲು ತುಂಬಿ ನೀರು ಹಾಕಿ. ನೀರು, ಮೇವು ಎರಡನ್ನೂ ಬಲ್ಬಿನ ನೇರ ಕೆಳಗೆ ಇಡದೆ ಸ್ವಲ್ಪ ಪಕ್ಕಕ್ಕೆ ಇಡಿ.

ಎಷ್ಟು ಬಿಸಿ? ಮರಿಯನ್ನೇ ಕೇಳಿ

ಪುಸ್ತಕದ ಲೆಕ್ಕ ಹೀಗಿದೆ: ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್, ಎರಡನೇ ವಾರ 90, ಮೂರನೇ ವಾರ 85, ನಾಲ್ಕನೇ ವಾರ 80. ವಾರಕ್ಕೆ 5 ಡಿಗ್ರಿ ಇಳಿಸುತ್ತಾ 75ಕ್ಕೆ ಬಂದರೆ ಕಾವು ನಿಲ್ಲಿಸಬಹುದು. ಬಲ್ಬನ್ನು ವಾರಕ್ಕೆ ಮೂರು ನಾಲ್ಕು ಅಂಗುಲ ಮೇಲೆತ್ತಿದರೆ ಬಿಸಿ ಇಳಿಯುತ್ತದೆ. ಕೋಣೆಯ ಉಷ್ಣತೆ ನೋಡುವ ಥರ್ಮಾಮೀಟರ್ ಇದ್ದರೆ ಮರಿಯ ಬೆನ್ನಿನ ಎತ್ತರಕ್ಕೆ, ಅಂದರೆ ಹಾಸಿನಿಂದ ಎರಡು ಅಂಗುಲ ಮೇಲೆ ತೂಗುಹಾಕಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ.

ಥರ್ಮಾಮೀಟರ್ ಇಲ್ಲ ಅಂತ ಚಿಂತೆ ಬೇಡ. ಮರಿಗಿಂತ ದೊಡ್ಡ ಥರ್ಮಾಮೀಟರ್ ಇಲ್ಲ. ಶಬ್ದ ಮಾಡದೆ ಹೋಗಿ ಎರಡು ನಿಮಿಷ ನಿಂತು ನೋಡಿ:

- ಮರಿಗಳೆಲ್ಲ ಬಲ್ಬಿನ ಕೆಳಗೆ ಒತ್ತಿಕೊಂಡು ಒಂದೇ ಸಮ ಕೂಗುತ್ತಿದ್ದರೆ ಶೀತ ಆಗಿದೆ. ಬಲ್ಬ್ ಇಳಿಸಿ, ಅಥವಾ ಇನ್ನೊಂದು ಸೇರಿಸಿ.
- ಬಲ್ಬಿನಿಂದ ದೂರ ತಡೆಗೆ ಅಂಟಿಕೊಂಡು, ಬಾಯಿ ತೆರೆದು ತೇಕುತ್ತಾ, ರೆಕ್ಕೆ ಇಳಿಬಿಟ್ಟಿದ್ದರೆ ಬಿಸಿ ಜಾಸ್ತಿ. ಬಲ್ಬ್ ಮೇಲೆತ್ತಿ, ಅಥವಾ ಒಂದನ್ನು ಆರಿಸಿ.
- ಎಲ್ಲವೂ ಒಂದೇ ಪಕ್ಕಕ್ಕೆ ಸರಿದಿದ್ದರೆ ಇನ್ನೊಂದು ಪಕ್ಕದಿಂದ ಗಾಳಿ ಬರುತ್ತಿದೆ. ಆ ಸಂದಿ ಹುಡುಕಿ ಗೋಣಿಚೀಲ ಕಟ್ಟಿ.
- ಗೂಡಿನ ತುಂಬ ಹರಡಿಕೊಂಡು, ಕೆಲವು ತಿನ್ನುತ್ತಾ, ಕೆಲವು ಕುಡಿಯುತ್ತಾ, ಕೆಲವು ಕಾಲು ಚಾಚಿ ಮಲಗಿದ್ದರೆ ಸರಿಯಾಗಿದೆ. ನೀವೂ ಹೋಗಿ ಮಲಗಬಹುದು.

ಇದನ್ನು ರಾತ್ರಿ 10 ಗಂಟೆಗೆ ಒಮ್ಮೆ, ಬೆಳಗಿನ ಜಾವ 3-4 ಗಂಟೆಗೆ ಒಮ್ಮೆ ನೋಡಲೇಬೇಕು. ಚಳಿ ಹೆಚ್ಚುವುದು ಬೆಳಗಿನ ಜಾವಕ್ಕೆ. ನಾವು ಕಂಡ ಹೆಚ್ಚಿನ ಸಾವು ಆ ಹೊತ್ತಿನಲ್ಲೇ ಆದದ್ದು.

ಊರಿಗೊಂದು ಹವಾಮಾನ

ನಮ್ಮ ಮೂರು ಕಡೆಗೂ ಒಂದೇ ಲೆಕ್ಕ ಹಾಕಲು ಆಗುವುದಿಲ್ಲ. ಬೇಲೂರು ಮಲೆನಾಡಿನ ಸೆರಗು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲಲ್ಲೂ ಬಿಸಿಲು ಕಾಣುವುದು ಕಷ್ಟ, ಹಾಸು ಒಣಗುವುದಿಲ್ಲ. ಅಲ್ಲಿ ಮಳೆಗಾಲದಲ್ಲಿ ನಾಲ್ಕೈದು ವಾರವಾದರೂ ಕಾವು ಕೊಡಬೇಕಾಗುತ್ತದೆ. ದಿನಾ ಹಾಸನ್ನು ಕೈಯಾಡಿಸಿ ತಿರುವಿ, ಒದ್ದೆಯಾದದ್ದನ್ನು ತೆಗೆದು ಒಣ ಹೊಟ್ಟು ಹಾಕಿ. ಕೈಲಿ ಹಿಡಿದು ಅದುಮಿದರೆ ಉಂಡೆ ಕಟ್ಟುವ ಹಾಸು ಒದ್ದೆ ಹಾಸು. ಅದರಲ್ಲೇ ರಕ್ತಭೇದಿ ರೋಗ ಹುಟ್ಟುವುದು.

ಅರಸೀಕೆರೆ ಬಯಲು ಸೀಮೆ. ಮಾರ್ಚ್, ಏಪ್ರಿಲ್‌ನಲ್ಲಿ ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ಬಲ್ಬ್ ಬೇಕಾಗುವುದಿಲ್ಲ. ಅಲ್ಲಿ ಸೆಕೆಯಿಂದ ಮರಿ ಸಾಯುವುದುಂಟು. ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿ, ನೀರು ತಣ್ಣಗಿಡಿ. ಅದೇ ಅರಸೀಕೆರೆಯಲ್ಲಿ ಡಿಸೆಂಬರ್ ರಾತ್ರಿ ಚಳಿ ಕೊರೆಯುತ್ತದೆ. ಹಗಲು ಬಿಸಿಲಿತ್ತಲ್ಲ ಅಂತ ರಾತ್ರಿ ಮೋಸ ಹೋಗಬೇಡಿ. ಹಳೇಬೀಡು ಕಡೆಯವರು ಎರಡರ ನಡುವೆ ಇದ್ದೀರಿ, ಕೆರೆ ಕಡೆಯಿಂದ ಬೀಸುವ ಗಾಳಿಗೆ ಕಿಟಕಿ ಮರೆ ಮಾಡಿಕೊಳ್ಳಿ. ಆದರೆ ಎಲ್ಲ ಕಡೆ ಮುಚ್ಚಿ ಗಾಳಿಯಾಡದ ಹಾಗೆ ಮಾಡಬೇಡಿ. ಬಾಗಿಲು ತೆಗೆದರೆ ಕಣ್ಣುರಿಯುವ ವಾಸನೆ ಬಂದರೆ ಮರಿಯ ಕಣ್ಣೂ ಉರಿಯುತ್ತಿದೆ ಅಂತ ಅರ್ಥ. ಮೇಲಿನ ಕಿಟಕಿ ಸ್ವಲ್ಪ ತೆರೆದಿರಲಿ.

ಕರೆಂಟ್ ಹೋದರೆ?

ಹೋಗಿಯೇ ಹೋಗುತ್ತದೆ ಅಂತಲೇ ಸಿದ್ಧರಾಗಿ. ಐದು ಲೀಟರಿನ ಕ್ಯಾನ್ ಅಥವಾ ಮುಚ್ಚಳ ಇರುವ ಸ್ಟೀಲ್ ಕೊಡಪಾನಕ್ಕೆ ಬಿಸಿನೀರು ತುಂಬಿ, ಗೋಣಿಚೀಲ ಸುತ್ತಿ ಗೂಡಿನ ನಡುವೆ ಇಡಿ. ಮರಿಗಳು ಅದಕ್ಕೆ ಒರಗಿ ಮಲಗುತ್ತವೆ. ಗೂಡಿನ ಮೇಲೆ ಮುಕ್ಕಾಲು ಭಾಗ ಚೀಲ ಹೊದಿಸಿ. ಎರಡು ಗಂಟೆಗೊಮ್ಮೆ ನೀರು ಬದಲಿಸಿದರೆ ಒಂದು ರಾತ್ರಿ ಕಳೆಯಬಹುದು.

ಅರಸೀಕೆರೆ ಕಡೆ ತೆಂಗಿನ ಚಿಪ್ಪಿನ ಇದ್ದಿಲು ಇದೆ. ಅಗ್ಗಿಷ್ಟಿಕೆಯಲ್ಲಿ ಕೆಂಡ ಮಾಡಿ, ಹೊಗೆ ಪೂರ್ತಿ ಹೋದ ಮೇಲೆ, ಸುತ್ತ ಜಾಲರಿ ಇಟ್ಟು ಒಳಗೆ ತರಬಹುದು. ಆದರೆ ಎಚ್ಚರ: ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮರಿ ಮಾತ್ರವಲ್ಲ, ಅಲ್ಲೇ ಮಲಗಿದ ಮನುಷ್ಯರೂ ಸಾಯುತ್ತಾರೆ. ಕೆಂಡ ಇಟ್ಟ ಕೋಣೆಯಲ್ಲಿ ಯಾರೂ ಮಲಗಬಾರದು, ಕಿಟಕಿ ತೆರೆದೇ ಇರಬೇಕು.

ಲಸಿಕೆ: ಒಬ್ಬರೇ ಮಾಡುವ ಕೆಲಸವಲ್ಲ

ಬೆಚ್ಚಗಿಟ್ಟರೆ ಸಾಲದು. 5ರಿಂದ 7ನೇ ದಿನದೊಳಗೆ ಕೊಕ್ಕರೆ ರೋಗಕ್ಕೆ ಲಸೋಟ ಲಸಿಕೆ ಕಣ್ಣಿಗೆ ಒಂದು ಹನಿ. 14ನೇ ದಿನ ಗುಂಬೋರೊ ಲಸಿಕೆ. 28ನೇ ದಿನದ ಹೊತ್ತಿಗೆ ಮತ್ತೆ ಲಸೋಟ. ಲಸಿಕೆಯನ್ನು ಐಸ್ ಇಟ್ಟೇ ತರಬೇಕು. ಕಲಸಿದ ಮೇಲೆ ಎರಡು ಗಂಟೆಯೊಳಗೆ ಹಾಕಿ ಮುಗಿಸಬೇಕು, ಉಳಿದದ್ದು ನಾಳೆಗೆ ಬರುವುದಿಲ್ಲ. ಒಂದು ಬಾಟಲಿಯಲ್ಲಿ ನೂರಾರು ಮರಿಗೆ ಆಗುವಷ್ಟು ಇರುತ್ತದೆ. ಸಂಘದ ನಾಲ್ಕೈದು ಜನ ಒಂದೇ ದಿನ ಮರಿ ತಂದರೆ ಒಂದೇ ಬಾಟಲಿಯಲ್ಲಿ ಎಲ್ಲರದ್ದೂ ಆಗುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಪಶು ಸಖಿ ಇದ್ದರೆ ಅವರನ್ನು ಕರೆಯಿರಿ. ಇಲ್ಲವೇ ಪಶು ಆಸ್ಪತ್ರೆಯಲ್ಲಿ ಕೇಳಿ.

ಮೊದಲ ವಾರಗಳಲ್ಲಿ 100ಕ್ಕೆ ಮೂರು ನಾಲ್ಕು ಮರಿ ಹೋಗುವುದು ಸಹಜ. ಅದಕ್ಕಿಂತ ಜಾಸ್ತಿ ಸತ್ತರೆ ಅಥವಾ ಒಂದೇ ದಿನ ಹಲವು ಸತ್ತರೆ ಪಶುವೈದ್ಯರಿಗೆ ತಿಳಿಸಿ. ಸತ್ತ ಮರಿಯನ್ನು ತಿಪ್ಪೆಗೆ ಎಸೆಯದೆ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ.

ಕರೆಂಟಿನ ಲೆಕ್ಕ

200 ವಾಟ್ ಬಲ್ಬ್ 24 ಗಂಟೆ ಉರಿದರೆ ದಿನಕ್ಕೆ 4.8 ಯೂನಿಟ್. ಮೊದಲ ವಾರಕ್ಕೆ ಸುಮಾರು 34 ಯೂನಿಟ್. ಎರಡನೇ ವಾರ ದಿನಕ್ಕೆ 14 ಗಂಟೆ ಹಾಕಿದರೆ ಸುಮಾರು 20. ಮೂರನೇ ವಾರ ಒಂದೇ ಬಲ್ಬ್ ರಾತ್ರಿ 12 ಗಂಟೆ ಹಾಕಿದರೆ ಸುಮಾರು 8. ಒಟ್ಟು 62 ಯೂನಿಟ್. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಗೃಹಜ್ಯೋತಿ ಇರುವ ಮನೆಯವರು ಆ ತಿಂಗಳು ಮೀಟರ್ ನೋಡುತ್ತಿರಿ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಸಾಲ ಕೇಳುವಾಗ ಮರಿಯ ಬೆಲೆ, ಮೇವಿನ ಬೆಲೆ ಮಾತ್ರ ಬರೆದು ಈ ಖರ್ಚನ್ನು ಮರೆಯುವವರೇ ಹೆಚ್ಚು. ಕೊನೆಗೆ ಬಿಲ್ ಉಳಿಸಲು ರಾತ್ರಿ ಒಂದು ಬಲ್ಬ್ ಆರಿಸುತ್ತಾರೆ. ಉಳಿದದ್ದು ಕೆಲವು ರೂಪಾಯಿ, ಹೋದದ್ದು ಮರಿ.

ನಾಟಿ ಮರಿಗೂ ಇದೇ ಉಪಾಯ

ನಿಮ್ಮ ಮನೆಯ ಹೇಂಟೆ 10-12 ಮರಿ ಮಾಡಿದಾಗಲೂ ಇದು ಬಳಕೆಗೆ ಬರುತ್ತದೆ. ತಾಯಿ ಜೊತೆ ಬಿಟ್ಟ ಮರಿಯನ್ನು ಹದ್ದು, ಕಾಗೆ, ಬೆಕ್ಕು ಎತ್ತಿಕೊಂಡು ಹೋಗಿ ಕೊನೆಗೆ ನಾಲ್ಕೈದು ಉಳಿಯುವುದು ನಮಗೆಲ್ಲ ಗೊತ್ತು. ಒಂದು ದೊಡ್ಡ ಬಿದಿರು ಬುಟ್ಟಿ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿ 40 ವಾಟಿನ ಒಂದು ಗುಂಡು ಬಲ್ಬ್ ಕಟ್ಟಿ, ರಟ್ಟಿಗೆ ತಾಗದ ಹಾಗೆ ನೋಡಿಕೊಂಡು, ಮರಿಗಳನ್ನು ಮೂರು ವಾರ ಒಳಗೇ ಸಾಕಿದರೆ ಹೆಚ್ಚು ಉಳಿಯುತ್ತವೆ. ಮರಿಯ ಹೊಣೆ ಇಲ್ಲದ ಹೇಂಟೆ ಬೇಗ ಮತ್ತೆ ಮೊಟ್ಟೆಗೆ ಬರುತ್ತದೆ.

ಆ ಅಕ್ಕನ ಸಾಲ ಏನಾಯಿತು?

ಸಭೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. "ಮರಿ ಸಾಯಿಸಿದ್ದು ಅವಳು, ಕಟ್ಟಲಿ" ಅಂದವರಿದ್ದರು. "ನಾಳೆ ನಮಗೂ ಹೀಗೇ ಆದರೆ?" ಅಂದವರೂ ಇದ್ದರು. ಕೊನೆಗೆ ಸಾಲ ಮನ್ನಾ ಬೇಡ, ಕಂತಿನ ಅವಧಿ ಹೆಚ್ಚಿಸೋಣ ಅಂತ ಒಪ್ಪಿದರು. ಉಳಿದ 39 ಮರಿ ದೊಡ್ಡದಾಗಿ ಮಾರಿದ ಹಣದಲ್ಲಿ ಅವರು ಒಂದಷ್ಟು ಕಂತು ಕಟ್ಟಿದರು. ದೀಪಾವಳಿ ಕಳೆದ ಮೇಲೆ ಇನ್ನೊಮ್ಮೆ 50 ಮರಿ ತಂದರು. ಈ ಸಲ ಗುಂಡು ಬಲ್ಬ್, ದುಂಡು ತಡೆ, ರಾತ್ರಿ ಪಾಳಿಗೆ ಪಕ್ಕದ ಮನೆಯ ಇಬ್ಬರು ಸದಸ್ಯೆಯರು. ತಿಂಗಳಾದಾಗ ನಾವು ಹೋಗಿ ಎಣಿಸಿದೆವು, 48 ಇದ್ದವು.

ಆ ಸಂಘ ಈಗ ಒಂದು ನಿಯಮ ಮಾಡಿಕೊಂಡಿದೆ. ಕೋಳಿ ಸಾಲ ಕೊಡುವ ಮೊದಲು ಇಬ್ಬರು ಸದಸ್ಯೆಯರು ಹೋಗಿ ಬ್ರೂಡರ್ ನೋಡಿ, ಬಲ್ಬಿನ ಕೆಳಗೆ ಕೈ ಹಿಡಿದು ಬಿಸಿ ನೋಡಿ ಬರಬೇಕು. ನಿಮ್ಮ ಸಂಘವೂ ಈ ನಿಯಮ ಬರೆದುಕೊಳ್ಳಲಿ ಅಂತ ನಮ್ಮ ಕೋರಿಕೆ. ನಾವೂ ಇನ್ನು ಮುಂದೆ "ಬಲ್ಬ್ ಹಾಕಿ" ಅಂತ ಮಾತ್ರ ಹೇಳಿ ಬರುವುದಿಲ್ಲ.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಲ್ಲಿ ಗುಂಡು ಬಲ್ಬ್ ಎಲ್ಲಿ ಸಿಗುತ್ತದೆ? ಸಂಘದಿಂದಲೇ ಒಟ್ಟಿಗೆ ತಂದಿಟ್ಟುಕೊಳ್ಳಬಹುದೇ?
2. ನಮ್ಮ ಊರಿಗೆ ಮರಿ ತರಲು ಯಾವ ತಿಂಗಳು ಒಳ್ಳೆಯದು? ಯಾಕೆ?
3. ಒಂದೇ ದಿನ ಮರಿ ತರಲು ಎಷ್ಟು ಜನ ತಯಾರಿದ್ದೇವೆ? ಲಸಿಕೆ ತರುವವರು ಯಾರು?
4. ಮೊದಲ ವಾರದ ರಾತ್ರಿ ಪಾಳಿಯನ್ನು ಹೇಗೆ ಹಂಚಿಕೊಳ್ಳೋಣ?
5. ಸದಸ್ಯೆಯೊಬ್ಬರ ಮರಿಗಳು ಸತ್ತರೆ ಸಂಘ ಅವರ ಜೊತೆ ಹೇಗೆ ನಿಲ್ಲಬೇಕು?